ಸ್ಪೈಕ್ ಮಿಲಿಗನ್ ಮತ್ತು ಆ ಕಾಲದ ಚಾಟ್ ಶೋಗಳು: ಜನ ನಕ್ಕಿದ್ದು ಯಾವುದಕ್ಕೆ?

1. ಶ್ರೀಧರ_ಬಸವನಗುಡಿ
ಎಲ್ಲರಿಗೂ ನಮಸ್ಕಾರ. ಚಾಪ್ಲಿನ್ ಬಗ್ಗೆ ನಾವಿಲ್ಲಿ ಎಷ್ಟೊಂದು ಮಾತಾಡಿದ್ದೇವೆ. ಮಿಸ್ಟರ್ ಬೀನ್ ಬಗ್ಗೆ ಕೇಳುವುದೇ ಬೇಡ. ಸ್ಪೈಕ್ ಮಿಲಿಗನ್ ಬಗ್ಗೆ ಮಾತ್ರ ಒಂದು ಚರ್ಚೆಯೂ ಆಗಿಲ್ಲ, ಅದೇ ನನಗೆ ಬೇಜಾರು. ಬ್ರಿಟಿಷ್ ಹಾಸ್ಯದ ದಿಕ್ಕನ್ನೇ ಬದಲಿಸಿದ ಈ ಮನುಷ್ಯ ಹುಟ್ಟಿದ್ದು ನಮ್ಮ ಪಕ್ಕದ ರಾಜ್ಯದ ಅಹಮದ್‌ನಗರದಲ್ಲಿ, 1918ರ ಏಪ್ರಿಲ್ 16ರಂದು. ಅಪ್ಪ ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಷ್ ಮನುಷ್ಯ. ಬಾಲ್ಯ ಕಳೆದಿದ್ದು ಪುಣೆಯಲ್ಲಿ, ಆಮೇಲೆ ರಂಗೂನಿನಲ್ಲಿ.

ನನಗೆ ಅವರು ತುಂಬ ಇಷ್ಟವಾಗುವುದು ಚಾಟ್ ಶೋಗಳಲ್ಲಿ. ಬಿಬಿಸಿ ನಿರೂಪಕರಾದ ಮೈಕಲ್ ಪಾರ್ಕಿನ್‌ಸನ್ ಎದುರು ಕೂತರೂ ಅಷ್ಟೇ, ಟೆರಿ ವೋಗನ್ ಎದುರು ಕೂತರೂ ಅಷ್ಟೇ, ಕೇಳಿದ ಪ್ರಶ್ನೆಗೆ ಉತ್ತರ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಮಾತು ಎಲ್ಲೋ ಶುರುವಾಗಿ ಇನ್ನೆಲ್ಲೋ ಹೋಗುತ್ತದೆ. ನಿರೂಪಕ ತನ್ನ ಚೀಟಿ ಪಕ್ಕಕ್ಕಿಟ್ಟು ನಗುತ್ತಾನೆ.

ಮೊನ್ನೆ ಮಗಳ ಜೊತೆ ಇಂಥ ಒಂದು ತುಣುಕು ನೋಡುತ್ತಿದ್ದೆ. ಅವಳು ನಗಲಿಲ್ಲ. "ಅಪ್ಪಾ, ಇವರಿಗೆ ಹುಷಾರಿಲ್ಲ ಅನ್ಸುತ್ತೆ. ಜನ ಯಾಕೆ ನಗ್ತಿದ್ದಾರೆ?" ಅಂತ ಕೇಳಿದಳು. ಅವರಿಗೆ ಬೈಪೋಲಾರ್ ಅನ್ನುವ, ಮನಸ್ಸು ಒಮ್ಮೆ ಉಬ್ಬಿ ಒಮ್ಮೆ ಕುಗ್ಗುವ ಕಾಯಿಲೆ ಇದ್ದದ್ದು ನಿಜ. ಹಾಗಾದರೆ ಜನ ನಕ್ಕಿದ್ದು ಅವರ ಹಾಸ್ಯಕ್ಕಾ, ಕಾಯಿಲೆಗಾ? ನಿಮಗೇನನ್ನಿಸುತ್ತದೆ? ಹಾಗೇ ನಿಮ್ಮ ಇಷ್ಟದ ಚಾಟ್ ಶೋ ಗಳಿಗೆಗಳನ್ನೂ ಹೇಳಿ.

2. ಶಾರ್ಟ್‌ವೇವ್_ರಾಜಣ್ಣ
ಶ್ರೀಧರ್ ಅವರೇ, ಚಾಟ್ ಶೋ ಎಲ್ಲ ಆಮೇಲಿನ ಮಾತು. ಮಿಲಿಗನ್ ಅಂದರೆ ಮೊದಲು ರೇಡಿಯೋ! ಗೂನ್ ಶೋ ಅನ್ನುವ ಹಾಸ್ಯ ಕಾರ್ಯಕ್ರಮದ ಬಗ್ಗೆ ಹೇಳದೆ ಅವರ ಕಥೆ ಶುರು ಮಾಡುವ ಹಾಗೇ ಇಲ್ಲ. 1951ರ ಮೇ ತಿಂಗಳಿಂದ 1960ರ ಜನವರಿವರೆಗೆ ಬಿಬಿಸಿಯಲ್ಲಿ ಬಂತು. ಮಿಲಿಗನ್, ಪೀಟರ್ ಸೆಲ್ಲರ್ಸ್, ಹ್ಯಾರಿ ಸೀಕೂಂಬ್ ಮೂವರು. ಮೊದಮೊದಲು ಮೈಕಲ್ ಬೆಂಟೈನ್ ಕೂಡ ಇದ್ದರು. ಮುಕ್ಕಾಲು ಪಾಲು ಬರೆದದ್ದು ಮಿಲಿಗನ್.

ಶಬ್ದದ ವಿಷಯದಲ್ಲಿ ಅವರ ಹಟ ನೋಡಬೇಕು. ಕಾಲುಚೀಲದ ತುಂಬ ಕಸ್ಟರ್ಡ್ ತುಂಬಿ ಬೀಸಿ ಹೊಡೆದರೆ ಎಂಥ ಸದ್ದು ಬರುತ್ತೋ ಆ ಸದ್ದೇ ಬೇಕು ಅಂತ ಕೂತರಂತೆ. ಬಿಬಿಸಿ ಕ್ಯಾಂಟೀನಿಗೆ ಹೋಗಿ ಕಸ್ಟರ್ಡ್ ಮಾಡಿಸಿಕೊಂಡು ಬಂದು, ತನ್ನದೇ ಕಾಲುಚೀಲ ಬಿಚ್ಚಿ ಅದರೊಳಗೆ ಸುರಿದು, ಬೀಸಿ ಹೊಡೆದು ನೋಡಿದರು. ಮನಸ್ಸಿನಲ್ಲಿದ್ದ ಸದ್ದು ಬರಲಿಲ್ಲ! ಆಮೇಲೆ ಬಿಬಿಸಿಯ ಶಬ್ದ ತಯಾರಿಸುವ ವಿಭಾಗವಾದ ರೇಡಿಯೋಫೋನಿಕ್ ವರ್ಕ್‌ಶಾಪ್‌ನವರು ಮೇಜರ್ ಬ್ಲಡ್‌ನಾಕ್ ಅನ್ನುವ ಪಾತ್ರದ ಹೊಟ್ಟೆಯೊಳಗಿನ ಗದ್ದಲಕ್ಕೇ ಬೇರೆ ಶಬ್ದ ಮಾಡಿಕೊಟ್ಟರು. ಆ ಬ್ಲಡ್‌ನಾಕ್ ಇಂಡಿಯಾದಲ್ಲಿ ಕೆಲಸ ಮಾಡಿದ, ಖಾರದ ಊಟಕ್ಕೆ ಸೋತ ಸೇನಾಧಿಕಾರಿ. ಮಿಲಿಗನ್ ಕಂಟೋನ್ಮೆಂಟಿನಲ್ಲಿ ಹುಡುಗನಾಗಿದ್ದಾಗ ಅಂಥವರನ್ನು ಎಷ್ಟು ಜನರನ್ನು ನೋಡಿರಬೇಕು, ಯೋಚಿಸಿ.

ನಾನು ಇದನ್ನೆಲ್ಲ ಕೇಳಿದ್ದು ಬಿಬಿಸಿ ವರ್ಲ್ಡ್ ಸರ್ವಿಸ್‌ನ ಮರುಪ್ರಸಾರದಲ್ಲಿ, ಕರಕರ ಅನ್ನುವ ಸೆಟ್‌ಗೆ ಕಿವಿ ಹಚ್ಚಿಕೊಂಡು. ಅರ್ಧ ಮಾತು ತಿಳಿಯುತ್ತಿರಲಿಲ್ಲ. ಆದರೂ ನಗು ತಡೆಯಲಾಗುತ್ತಿರಲಿಲ್ಲ.

3. ಚೇತನ್_ಹಾಸನ
ಇದು ಮಾಂಟಿ ಪೈಥಾನ್‌ನವರು ಮಾಡಿದ ಶೋ ಅಲ್ವಾ?

4. ಶಾರ್ಟ್‌ವೇವ್_ರಾಜಣ್ಣ
ಅಲ್ಲಪ್ಪಾ ಚೇತನ್. ಪೈಥಾನ್ ಅನ್ನುವ ಹಾಸ್ಯ ತಂಡದವರು ಗೂನ್ ಶೋ ಕೇಳಿಕೊಂಡು ಬೆಳೆದವರು. 1969ರಲ್ಲಿ ಬಿಬಿಸಿ 2ರಲ್ಲಿ ಮಿಲಿಗನ್ ಅವರ ಕ್ಯೂ5 ಅನ್ನುವ, ಸಣ್ಣ ಹಾಸ್ಯ ದೃಶ್ಯಗಳ (ಸ್ಕೆಚ್) ಕಾರ್ಯಕ್ರಮ ಬಂತು. ಸ್ಕೆಚ್‌ಗೆ ಕೊನೆಯ ಪಂಚ್ ಇಲ್ಲ, ಮಧ್ಯದಲ್ಲೇ ಬಿಟ್ಟು ಎದ್ದು ಹೋಗುವುದು. ಅದನ್ನು ನೋಡಿ ಪೈಥಾನ್‌ನವರು 'ನಾವು ಮಾಡಬೇಕು ಅಂದುಕೊಂಡಿದ್ದನ್ನು ಇವರು ಆಗಲೇ ಮಾಡಿಬಿಟ್ಟರಲ್ಲ' ಅಂತ ಬೆಚ್ಚಿದರು. ಕ್ಯೂ5ರ ನಿರ್ದೇಶಕ ಇಯನ್ ಮ್ಯಾಕ್‌ನಾಟನ್ ಅವರನ್ನೇ ತಮ್ಮ ಶೋಗೂ ಕರೆದುಕೊಂಡರು. ಪೈಥಾನ್ ಶುರುವಾಗಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ.

5. ಲೀಡ್ಸ್_ಡಾಕ್ಟರ್
ಶ್ರೀಧರ್ ಸರ್, ನಿಮ್ಮ ಮಗಳ ಪ್ರಶ್ನೆ ಚೆನ್ನಾಗಿದೆ. ನಾನು ಇಲ್ಲಿ ಯಾರ್ಕ್‌ಷೈರಿನಲ್ಲಿ ಬಹಳ ಕಾಲದಿಂದ ಇದ್ದೇನೆ. ನನ್ನ ಹಳೆಯ ರೋಗಿಗಳಿಗೆ ಮಿಲಿಗನ್ ಅಂದರೆ ಮನೆಯವರ ಹಾಗೆ. ಅದರಲ್ಲೂ ಮನಸ್ಸಿನ ಕಾಯಿಲೆ ಇರುವವರಿಗೆ.

ಅವರ ಕಷ್ಟ ಹೊಸದಾಗಿ ಬಂದದ್ದಲ್ಲ. 1944ರ ಜನವರಿಯಲ್ಲಿ ಇಟಲಿಯಲ್ಲಿ ಯುದ್ಧ ಮಾಡುವಾಗ ಗಾಯವಾಯಿತು. ಗಾಯಕ್ಕಿಂತ ಮನಸ್ಸಿಗೆ ಬಿದ್ದ ಪೆಟ್ಟು ದೊಡ್ಡದು. ಆಮೇಲೆ ವಾರಕ್ಕೊಂದು ಗೂನ್ ಶೋ ಬರೆಯುವ ಒತ್ತಡ. 1952ರ ಕೊನೆಗೆ ಪೂರ್ತಿ ಕುಸಿದು ಆಸ್ಪತ್ರೆ ಸೇರಿದರು. ಅಲ್ಲಿಂದಲೂ ಬರೆಯುತ್ತಿದ್ದರು. ಆಗಿನ ಗಂಡಸರು ಡಿಪ್ರೆಶನ್ ಅನ್ನುವ ಮಾತನ್ನು ಹೆಂಡತಿ ಹತ್ತಿರವೂ ಆಡುತ್ತಿರಲಿಲ್ಲ. ಇವರು ಟಿವಿಯಲ್ಲಿ, ರೇಡಿಯೋದಲ್ಲಿ ಎಲ್ಲರೆದುರು ಹೇಳಿಕೊಂಡರು. 1993ರಲ್ಲಿ ಆಂಟನಿ ಕ್ಲೇರ್ ಅನ್ನುವ ಮನೋವೈದ್ಯರ ಜೊತೆ ಸೇರಿ ಅದರ ಬಗ್ಗೆ ಒಂದು ಪುಸ್ತಕವನ್ನೇ ತಂದರು.

ಹಾಗಾಗಿ ನನ್ನ ಉತ್ತರ ಇದು: ಕಾಯಿಲೆ ಅವರಿಗೆ ಹಾಸ್ಯ ಕೊಡಲಿಲ್ಲ. ತೀರಾ ಖಿನ್ನರಾಗಿದ್ದಾಗ ಅವರು ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದರು, ಸ್ಟುಡಿಯೋಗೆ ಬರುತ್ತಿರಲಿಲ್ಲ. ಕ್ಯಾಮೆರಾ ಮುಂದೆ ನಾವು ನೋಡುವುದು ಕೆಲಸ ಬಲ್ಲ ಕಲಾವಿದನನ್ನು.

6. ಶಾಲಿನಿ_ಮೈಸೂರು
ಡಾಕ್ಟ್ರೇ, ನಾನು ಪೂರ್ತಿ ಒಪ್ಪುವುದಿಲ್ಲ. ಮಿಲಿಗನ್ ವಿಷಯ ಇರಲಿ, ಪ್ರೇಕ್ಷಕರಿಗೆ ವ್ಯತ್ಯಾಸ ಗೊತ್ತಾಗುತ್ತೆ ಅಂತ ಹೇಗೆ ಹೇಳುತ್ತೀರಿ? ಜಾದೂ ಮಾಡುತ್ತಲೇ ನಗಿಸುತ್ತಿದ್ದ ಟಾಮಿ ಕೂಪರ್ ಕಥೆ ನೋಡಿ. 1984ರ ಏಪ್ರಿಲ್ 15, ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರಿನಿಂದ ನೇರ ಪ್ರಸಾರ. ಸಹಾಯಕಿ ಬಂದು ಅವರಿಗೆ ದೊಡ್ಡ ನಿಲುವಂಗಿ ತೊಡಿಸಿ ಹೋಗುತ್ತಾಳೆ. ಅವರು ಮೆಲ್ಲಗೆ ಹಿಂದಕ್ಕೆ ಕುಸಿದು ಪರದೆಗೆ ಒರಗಿ ಕೂರುತ್ತಾರೆ. ಹೃದಯಾಘಾತ! ಥಿಯೇಟರ್ ಪೂರ್ತಿ ನಗುತ್ತಿತ್ತು, ಇದೂ ಒಂದು ಆಟ ಅಂದುಕೊಂಡು. ನಿರೂಪಕ ಜಿಮ್ಮಿ ಟಾರ್ಬಕ್‌ಗೂ ತಕ್ಷಣ ತಿಳಿಯಲಿಲ್ಲ. ಜಾಹೀರಾತು ಹಾಕಿ ಪರದೆ ಎಳೆದರು.

ನಗಿಸುವವನು ಅಂತ ಒಮ್ಮೆ ಹೆಸರಾದರೆ ಅವನ ನೋವೂ ಜನರಿಗೆ ನಗುವೇ. ಶ್ರೀಧರ್ ಅವರ ಮಗಳು ಸರಿಯಾಗಿಯೇ ಕೇಳಿದ್ದಾಳೆ.

7. ವಿನಾಯಕ_ಶಿರಸಿ
ಶಾಲಿನಿ ಅಕ್ಕ, ಕೂಪರ್ ವಿಷಯದಲ್ಲಿ ಜನರ ತಪ್ಪೇನಿದೆ? ಬೀಳುವುದು, ಟ್ರಿಕ್ ಕೆಡುವುದು ಅವರ ಶೋನಲ್ಲಿ ಇದ್ದದ್ದೇ. ನಿಜವಾಗಿ ಕೇಳಬೇಕಾದ್ದು ನಿರೂಪಕ ಏನು ಮಾಡಿದ ಅಂತ. ಚಾಟ್ ಶೋದಲ್ಲಿ ಅವನಿಗೆ ಹೊಣೆ ಇದೆ.

1991ರಲ್ಲಿ ಡೇವಿಡ್ ಐಕ್ ವೋಗನ್ ಶೋಗೆ ಬಂದಿದ್ದು ನೋಡಿದ್ದೀರಾ? ಮೊದಲು ಫುಟ್‌ಬಾಲ್ ಗೋಲ್‌ಕೀಪರ್, ಆಮೇಲೆ ಬಿಬಿಸಿಯ ಕ್ರೀಡಾ ನಿರೂಪಕ. ಮನೆಮನೆಗೆ ಗೊತ್ತಿದ್ದ ಮುಖ. ಅವತ್ತು ವೈಡೂರ್ಯ ಬಣ್ಣದ ಬಟ್ಟೆ ಹಾಕಿಕೊಂಡು ಬಂದು, ತಾನು ದೇವರ ಮಗ, ಭೂಕಂಪ ಬರುತ್ತೆ ಅಂತೆಲ್ಲ ಹೇಳಿದ. ಸ್ಟುಡಿಯೋ ನಕ್ಕಿತು. ನಗುವುದು ಒಳ್ಳೆಯದೇ ಅಂದ ಐಕ್. ಆಗ ವೋಗನ್, ಅವರು ನಿಮ್ಮ ಜೊತೆ ನಗುತ್ತಿಲ್ಲ, ನಿಮ್ಮನ್ನು ನೋಡಿ ನಗುತ್ತಿದ್ದಾರೆ ಅಂತ ಮುಖಕ್ಕೇ ಹೇಳಿದರು. ಎಷ್ಟೋ ವರ್ಷದ ಮೇಲೆ ಇಬ್ಬರೂ ಮತ್ತೆ ಎದುರಾದಾಗ, ಅವತ್ತು ತಾನು ಸ್ವಲ್ಪ ಕಟುವಾಗಿದ್ದೆ ಅಂತ ವೋಗನ್ ಒಪ್ಪಿಕೊಂಡರು. ಅದಕ್ಕೂ ಮುಂಚೆ, 1990ರಲ್ಲಿ, ಫುಟ್‌ಬಾಲ್ ಆಟಗಾರ ಜಾರ್ಜ್ ಬೆಸ್ಟ್ ಚೆನ್ನಾಗಿ ಕುಡಿದು ಅದೇ ಶೋಗೆ ಬಂದಿದ್ದರು. ಆಗಲೂ ನೇರ ಪ್ರಸಾರ. ಅದನ್ನು ಇವತ್ತಿಗೂ ತಮಾಷೆ ಅಂತ ಹಂಚುವವರಿದ್ದಾರೆ. ನನಗೆ ನೋಡಲಾಗುವುದಿಲ್ಲ.

8. ಶ್ರೀಧರ_ಬಸವನಗುಡಿ
ವಿನಾಯಕ್, ನೀವು ಹೇಳಿದ್ದು ಮುಖ್ಯ. ಮಿಲಿಗನ್ ಬೇರೆ ಅನ್ನಿಸುವುದು ಇಲ್ಲೇ. ಬೆಸ್ಟ್ ಆವತ್ತು ತನ್ನ ಹಿಡಿತದಲ್ಲಿ ಇರಲಿಲ್ಲ. ಮಿಲಿಗನ್ ಮಾತು ಎಲ್ಲೇ ಅಲೆದರೂ, ಜನ ಯಾವಾಗ ನಗಬೇಕು ಅನ್ನುವ ಲೆಕ್ಕ ಅವರಿಗೆ ತಪ್ಪುವುದಿಲ್ಲ. ನಗು ಇಳಿಯುವ ಮುಂಚೆ ಮುಂದಿನ ಮಾತು ಎಸೆಯುತ್ತಾರೆ.

9. ಪುಣೆ_ಕುಲಕರ್ಣಿ
ನಮಸ್ಕಾರ. ಪುಣೆಯಲ್ಲಿ ಇರುವ ಧಾರವಾಡದವನು ನಾನು. ಅಹಮದ್‌ನಗರಕ್ಕೆ 2024ರಲ್ಲಿ ಅಹಿಲ್ಯಾನಗರ ಅಂತ ಹೆಸರು ಬದಲಾಗಿದೆ. ಈಗಲೂ ಅದು ಸೈನ್ಯದ ಊರೇ ರೀ, ಟ್ಯಾಂಕ್ ಪಡೆಯ (ಆರ್ಮರ್ಡ್ ಕೋರ್) ಕೇಂದ್ರ ಅಲ್ಲೇ ಇದೆ. ಅಲ್ಲಿನ ಕೋಟೆಯಲ್ಲೇ ನೆಹರೂ ಅವರನ್ನು 1942ರಿಂದ ಸೆರೆ ಇಟ್ಟಿದ್ದರು.

ಮಿಲಿಗನ್ ವಿಷಯದಲ್ಲಿ ನನಗೆ ಕಾಡುವುದು ಅವರ ಪಾಸ್‌ಪೋರ್ಟ್ ಕಥೆ. ಹುಟ್ಟಿದ್ದು ಇಂಡಿಯಾದಲ್ಲಿ, ಅಪ್ಪ ಐರ್ಲೆಂಡಿನವರು. 60ರ ದಶಕದಲ್ಲಿ ಬ್ರಿಟನ್ನಿನ ಕಾನೂನು ಬದಲಾದಾಗ, ಬ್ರಿಟಿಷ್ ಸೈನ್ಯದಲ್ಲಿ ಗುಂಡಿನ ಮಳೆಯಲ್ಲಿ ನಿಂತ ಮನುಷ್ಯನಿಗೆ ನಿಷ್ಠೆಯ ಪ್ರಮಾಣ ಮಾಡು ಅಂದರು. ಅವರು ಒಲ್ಲೆ ಅಂದು ಐರಿಷ್ ಪೌರತ್ವ ತಗೊಂಡರು. ಅದಕ್ಕೇ 2001ರಲ್ಲಿ ಸಿಕ್ಕ ನೈಟ್ ಪದವಿ ಬರೀ ಗೌರವ ಪದವಿ. 'ಸರ್' ಅಂತ ಹಾಕಿಕೊಳ್ಳುವ ಹಾಗಿಲ್ಲ.

10. ನಂದಿನಿ_ಲಂಡನ್
ಎಲ್ಲರೂ ಇಂಡಿಯಾ ಇಂಡಿಯಾ ಅಂತ ಖುಷಿ ಪಡುತ್ತಿದ್ದೀರಿ, ಸರಿ. ಆದರೆ 1969ರಲ್ಲಿ ಐಟಿವಿಯಲ್ಲಿ ಬಂದ 'ಕರಿ ಅಂಡ್ ಚಿಪ್ಸ್' ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ? ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಅರ್ಧ ಪಾಕಿಸ್ತಾನಿ, ಅರ್ಧ ಐರಿಷ್ ಕಾರ್ಮಿಕನ ಪಾತ್ರ ಮಾಡಿದ್ದು ಇದೇ ಮಿಲಿಗನ್. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಬೈಯುವುದೇ ಹಾಸ್ಯ. ದೂರುಗಳು ಬಂದು 6 ಕಂತಿಗೆ ನಿಂತಿತು. 1975ರಲ್ಲಿ ಬಿಬಿಸಿಗೆ 'ದ ಮೆಲ್ಟಿಂಗ್ ಪಾಟ್' ಅಂತ ಮತ್ತೆ ಅದೇ ಥರದ್ದು ಮಾಡಿದರು. ಒಂದು ಕಂತು ಪ್ರಸಾರ ಮಾಡಿ ಬಿಬಿಸಿಯೇ ನಿಲ್ಲಿಸಿತು.

ನನ್ನ ಮಾವನವರು ಆ ಕಾಲಕ್ಕೇ ಈ ದೇಶಕ್ಕೆ ಬಂದವರು. ಟಿವಿಯಲ್ಲಿ ಬಂದ ಬೈಗುಳ ಮರುದಿನ ಬಸ್ಸಿನಲ್ಲಿ ಕೇಳಿಸುತ್ತಿತ್ತು ಅನ್ನುತ್ತಾರೆ. ಅಂಥವರ ಎದುರು ಮಿಲಿಗನ್ ಅವರನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ.

11. ಶಾರ್ಟ್‌ವೇವ್_ರಾಜಣ್ಣ
ನಂದಿನಿ ಮೇಡಂ, ಕರಿ ಅಂಡ್ ಚಿಪ್ಸ್ ಬರೆದದ್ದು ಮಿಲಿಗನ್ ಅಲ್ಲ, ಜಾನಿ ಸ್ಪೇಟ್. ಬೈಯುವವರ ಬುದ್ಧಿಯನ್ನೇ ಲೇವಡಿ ಮಾಡುವುದು ಅವರ ಉದ್ದೇಶ.

12. ನಂದಿನಿ_ಲಂಡನ್
ಉದ್ದೇಶ ಏನೇ ಇರಲಿ ಸರ್. ಬಣ್ಣ ಬಳಿದುಕೊಂಡು ನಿಂತದ್ದು ಯಾರು? ಮೆಲ್ಟಿಂಗ್ ಪಾಟ್ ಬರವಣಿಗೆಯಲ್ಲಂತೂ ಅವರ ಕೈ ಇದೆ. ಇಂಡಿಯಾದಲ್ಲಿ ಬೆಳೆದವರಿಗೆ ನಮ್ಮ ಜನ ಹೇಗಿರುತ್ತಾರೆ ಅಂತ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ಅದಕ್ಕೇ ಜಾಸ್ತಿ ನೋವು.

13. ಲೀಡ್ಸ್_ಡಾಕ್ಟರ್
ನಂದಿನಿ ಹೇಳಿದ್ದು ನಿಜ. ಇಲ್ಲಿಗೆ ಮೊದಲು ಬಂದ ನಮ್ಮ ಹಿರಿಯ ಡಾಕ್ಟರುಗಳೂ ಇದೇ ಮಾತು ಹೇಳುತ್ತಾರೆ. ಗೂನ್ ಶೋದಲ್ಲೂ ಮಿಲಿಗನ್, ಸೆಲ್ಲರ್ಸ್ ಇಬ್ಬರೂ ಬ್ಯಾನರ್ಜಿ, ಲಾಲ್‌ಕಾಕಾ ಅಂತ ಇಂಡಿಯನ್ ದನಿ ಮಾಡುತ್ತಿದ್ದರು. ಅದರಲ್ಲಿ ಪ್ರೀತಿ ಕೇಳಿಸುತ್ತದೆ ಅನ್ನುವವರೂ ಇದ್ದಾರೆ. ನನಗೆ ಕೆಲವು ಕಡೆ ಕೇಳಿಸುತ್ತದೆ, ಕೆಲವು ಕಡೆ ಇಲ್ಲ.

14. ಚೇತನ್_ಹಾಸನ
ಗಂಭೀರ ಆಯ್ತು. ಯಾರಾದರೂ ಹಾಸ್ಯಗಾರ ಬಿಲ್ಲಿ ಕಾನಲಿ ಹೇಳಿದ ಸೈಕಲ್ ಜೋಕ್ ಬಗ್ಗೆ ಹೇಳಿ, ಪೂರ್ತಿ ಕಥೆ ಗೊತ್ತಿಲ್ಲ.

15. ವಿನಾಯಕ_ಶಿರಸಿ
ಹೇಳ್ತೀನಿ ಚೇತನ್, ನನಗೆ ತುಂಬ ಇಷ್ಟದ್ದು. 1975, ಪಾರ್ಕಿನ್‌ಸನ್ ಶೋ. ಕಾನಲಿ ಗ್ಲಾಸ್ಗೋದ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು. ಸ್ಕಾಟ್ಲೆಂಡಿನಲ್ಲಿ ದೊಡ್ಡ ಹೆಸರು, ಇಂಗ್ಲೆಂಡಿನಲ್ಲಿ ಅಷ್ಟು ಗೊತ್ತಿಲ್ಲ. ಆ ಜೋಕ್ ಮಾತ್ರ ಹೇಳಬೇಡ ಅಂತ ಮ್ಯಾನೇಜರ್ ಮೊದಲೇ ಎಚ್ಚರಿಸಿದ್ದ. ಹೇಳಿಯೇಬಿಟ್ಟರು. ಒಬ್ಬ ಗೆಳೆಯ ಇನ್ನೊಬ್ಬನನ್ನು ಹೆಂಡತಿ ಹೇಗಿದ್ದಾಳೆ ಅಂತ ಕೇಳುತ್ತಾನೆ. ಸತ್ತಳು, ನಾನೇ ಕೊಂದೆ ಅನ್ನುತ್ತಾನೆ ಇವನು. ನಂಬಿಕೆ ಬರದಿದ್ದರೆ ಬಾ ಅಂತ ಹಿತ್ತಲಿಗೆ ಕರೆದುಕೊಂಡು ಹೋದರೆ, ಮಣ್ಣಿನ ಗುಡ್ಡೆಯಿಂದ ಅವಳ ಹಿಂಭಾಗ ಮಾತ್ರ ಮೇಲೆ ಕಾಣುತ್ತಿದೆ. ಇದನ್ನು ಯಾಕೆ ಹೀಗೆ ಬಿಟ್ಟೆ ಅಂದರೆ, ಸೈಕಲ್ ನಿಲ್ಲಿಸೋಕೆ ಜಾಗ ಬೇಕಿತ್ತಲ್ಲ ಅನ್ನುತ್ತಾನೆ!

ಪಾರ್ಕಿನ್‌ಸನ್ ಕುರ್ಚಿಯಲ್ಲೇ ಮಡಚಿಕೊಂಡು ನಗುತ್ತಾರೆ. ಅಲ್ಲಿಂದ ಕಾನಲಿ ದೇಶಕ್ಕೆಲ್ಲ ಪರಿಚಯ. ಆ ಶೋಗೆ ಅತಿ ಹೆಚ್ಚು ಸಲ ಬಂದ ಅತಿಥಿಯೂ ಅವರೇ.

16. ಶಾಲಿನಿ_ಮೈಸೂರು
ಇವತ್ತು ಆ ಜೋಕ್ ಹೇಳಿದರೆ ನಾನು ನಗುವುದಿಲ್ಲ. ಹೆಂಡತಿಯನ್ನು ಕೊಂದ ಕಥೆ, ಅದರಲ್ಲೇನು ನಗು?

17. ವಿನಾಯಕ_ಶಿರಸಿ
ಅಕ್ಕ, ಸರಿ. ಆದರೆ ಆ ಜೋಕಿನಲ್ಲಿ ಜನ ನಗುವುದು ಆ ಗಂಡನ ಕಲ್ಲುಮನಸ್ಸನ್ನು ನೋಡಿ. ಕಾನಲಿ ಹೇಳುವ ಧಾಟಿಯಲ್ಲೇ ಅದು ಗೊತ್ತಾಗುತ್ತದೆ. ಒಮ್ಮೆ ನೋಡಿ, ಆಮೇಲೂ ಹೀಗೇ ಅನ್ನಿಸಿದರೆ ಒಪ್ಪುತ್ತೇನೆ.

18. ಮಂಗಳೂರು_ಪ್ರಭಾ
ನನಗೆ ಹಾಸ್ಯನಟ ಕೆನೆತ್ ವಿಲಿಯಮ್ಸ್ ಇಷ್ಟ! ಮೂಗು ಅಗಲಿಸಿ, ಕತ್ತು ಚಾಚಿ, ಒಂದು ವಾಕ್ಯದಲ್ಲಿ ನಾಲ್ಕು ದನಿ ತರುವವರು. 1973ರಲ್ಲಿ ಅವರು, ನಟಿ ಮ್ಯಾಗಿ ಸ್ಮಿತ್, ಕವಿ ಜಾನ್ ಬೆಟ್ಜಮನ್ ಮೂವರೂ ಒಟ್ಟಿಗೆ ಪಾರ್ಕಿನ್‌ಸನ್ ಶೋದಲ್ಲಿ ಕೂತು ಕವನ ಓದಿದರು. ಸುಮ್ನೆ ಯೋಚಿಸಿ, ವಾರಾಂತ್ಯದ ರಾತ್ರಿ, ಮನೆಮಂದಿ ಎಲ್ಲ ನೋಡುವ ಹೊತ್ತು, ಕವನ ಓದು! ಈಗ ಯಾವ ಚಾನೆಲ್ ಬಿಡುತ್ತೆ ಹೇಳಿ?

ವೋಗನ್ ರಜೆಯಲ್ಲಿದ್ದಾಗ 1986ರಲ್ಲಿ ಅವರ ಕುರ್ಚಿಯಲ್ಲಿ ಕೂತು ಶೋ ನಡೆಸಿದವರೂ ವಿಲಿಯಮ್ಸ್.

19. ಪುಣೆ_ಕುಲಕರ್ಣಿ
ಪ್ರಭಾ ಅವರೇ, ನಮ್ಮಲ್ಲೂ ಆ ಕಾಲ ಇತ್ತಲ್ಲ. ದೂರದರ್ಶನದಲ್ಲಿ ತಬಸ್ಸುಮ್ 1972ರಿಂದ ಎರಡು ದಶಕ ಸಿನಿಮಾದವರನ್ನು ಮಾತಾಡಿಸಿದರು. ಕೆಣಕುವ ಪ್ರಶ್ನೆ ಇಲ್ಲ, ಜಗಳ ಇಲ್ಲ.

20. ಚೇತನ್_ಹಾಸನ
ಕನ್ನಡದಲ್ಲಿ ವೀಕೆಂಡ್ ವಿತ್ ರಮೇಶ್ ಇದೆಯಲ್ಲ ಸರ್.

21. ವಿನಾಯಕ_ಶಿರಸಿ
ಅದು ಚಾಟ್ ಶೋ ಅಲ್ಲ ಚೇತನ್, ಅದರ ದಾರಿಯೇ ಬೇರೆ. ಸಾಧಕರನ್ನು ಕೂರಿಸಿ, ಹಳೆಯ ಮೇಷ್ಟ್ರು, ಬಾಲ್ಯದ ಗೆಳೆಯರನ್ನು ಕರೆತಂದು ಕಣ್ಣು ತುಂಬಿಸುವುದು. ಬ್ರಿಟನ್ನಿನಲ್ಲಿ 1955ರಿಂದ ಈಮನ್ ಆಂಡ್ರೂಸ್ ಕೆಂಪು ಪುಸ್ತಕ ಹಿಡಿದು ನಡೆಸಿದ 'ದಿಸ್ ಈಸ್ ಯುವರ್ ಲೈಫ್' ಸಾಲಿಗೆ ಸೇರಿದ್ದು. ಅದನ್ನು ನಾನೂ ಇಷ್ಟಪಟ್ಟು ನೋಡುತ್ತೇನೆ. ಆದರೆ ಅಲ್ಲಿ ಅತಿಥಿಗೆ ದಾರಿ ತಪ್ಪಲು ಬಿಡುವಿಲ್ಲ. ಮಾತು ದಾರಿ ತಪ್ಪಬೇಕು ಅಂದರೆ ನಮ್ಮಲ್ಲಿ ಹಿರೇಮಗಳೂರು ಕಣ್ಣನ್, ಕೃಷ್ಣೇಗೌಡರು ಸೇರುತ್ತಿದ್ದ 'ಹರಟೆ' ನೋಡಬೇಕು.

22. ಶ್ರೀಧರ_ಬಸವನಗುಡಿ
ಮಾಸ್ಟರ್ ಹಿರಣ್ಣಯ್ಯನವರನ್ನು ಮರೆತಿರಾ? ನಾಟಕ ನಿಲ್ಲಿಸಿ ರಾಜಕಾರಣಿಗಳನ್ನು ವೇದಿಕೆಯಿಂದಲೇ ಝಾಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಮಂತ್ರಿ ಕೂತಿದ್ದರೂ ಬಿಡುತ್ತಿರಲಿಲ್ಲ.

ಮಿಲಿಗನ್ ಕೂಡ ಹಾಗೇ. 1994ರಲ್ಲಿ ಬ್ರಿಟಿಷ್ ಕಾಮಿಡಿ ಅವಾರ್ಡ್ಸ್‌ನಲ್ಲಿ ಜೀವಮಾನದ ಪ್ರಶಸ್ತಿ. ನೇರ ಪ್ರಸಾರ. ನಿರೂಪಕ ಜೋನಾಥನ್ ರಾಸ್ ಪ್ರಿನ್ಸ್ ಚಾರ್ಲ್ಸ್ ಕಳಿಸಿದ ಅಭಿನಂದನೆ ಪತ್ರ ಓದಲು ಶುರು ಮಾಡುತ್ತಾರೆ. ಚಾರ್ಲ್ಸ್ ಚಿಕ್ಕಂದಿನಿಂದ ಗೂನ್ ಶೋ ಅಭಿಮಾನಿ. ಪಕ್ಕದಲ್ಲಿ ನಿಂತ ಮಿಲಿಗನ್ ಮಧ್ಯದಲ್ಲೇ, ಹಲ್ಲುಗಿಂಜುವ ಆ ಪುಟ್ಟ ಬೇವರ್ಸಿ ಅನ್ನುವ ಅರ್ಥದ ಬೈಗುಳ ಬಿಡುತ್ತಾರೆ. ಸಭೆ ಕಿರುಚಿಕೊಂಡು ನಗುತ್ತದೆ. ಆಮೇಲೆ ಅರಮನೆಗೆ ಒಂದು ಫ್ಯಾಕ್ಸ್: ಇನ್ನು ನನಗೆ ನೈಟ್ ಪದವಿ ಸಿಗುವ ಆಸೆ ಬಿಡಬೇಕು ಅಲ್ವಾ ಅಂತ.

ಶಾಲಿನಿ ಮೇಡಂ, ಆಗ ಅವರಿಗೆ 76 ವರ್ಷ. ಯಾವ ಗಳಿಗೆಯಲ್ಲಿ ಯಾವ ಮಾತು ಬಿಡಬೇಕು ಅಂತ ಗೊತ್ತಿಲ್ಲದ ಮನುಷ್ಯ ಇದನ್ನು ಮಾಡಲು ಸಾಧ್ಯವೇ?

23. ಶಾಲಿನಿ_ಮೈಸೂರು
ಇದನ್ನು ಈಗಷ್ಟೇ ನೋಡಿ ಬಂದೆ. ನಗು ಬಂತು, ಚೆನ್ನಾಗಿಯೇ ಬಂತು. ಅದು ಪೂರ್ತಿ ಅವರ ಜಾಣತನ, ಒಪ್ಪಿದೆ. ಆದರೂ ನನ್ನ ಪ್ರಶ್ನೆ ಬೇರೆ ದಿನಗಳ ಬಗ್ಗೆ ಇದೆ. ಸರಿ ಇಲ್ಲದ ದಿನವೂ ಒಪ್ಪಿಕೊಂಡೆ ಅಂತ ಬಂದು ಕೂತಿರಬಹುದಲ್ಲ? ಅಂಥ ದಿನ ನಿರೂಪಕ ಹೇಗೆ ನಡೆಸಿಕೊಳ್ಳಬೇಕು?

24. ಲೀಡ್ಸ್_ಡಾಕ್ಟರ್
ಸುಮ್ಮನೆ ಕೇಳಿಸಿಕೊಳ್ಳಬೇಕು ಮೇಡಂ. ಪಾರ್ಕಿನ್‌ಸನ್ ದೊಡ್ಡವರು ಅನ್ನಿಸುವುದು ಅದಕ್ಕೇ. ಗಣಿ ಕಾರ್ಮಿಕನ ಮಗ, ಬಾರ್ನ್‌ಸ್ಲಿ ಕಡೆಯ ಸ್ಥಳೀಯ ಪತ್ರಿಕೆಯಲ್ಲಿ ವರದಿಗಾರನಾಗಿ ಪಳಗಿದವರು. ಇಬ್ಬರ ಮಧ್ಯೆ ಮೇಜಿಲ್ಲ, ಬರೀ ಕುರ್ಚಿಗಳು. ಅತಿಥಿ ಅರ್ಧಕ್ಕೆ ನಿಲ್ಲಿಸಿದರೆ ಅವರು ತಕ್ಷಣ ಬಾಯಿ ಹಾಕುವುದಿಲ್ಲ, ಕಾಯುತ್ತಾರೆ. ಈಗ ಗ್ರಹಾಂ ನಾರ್ಟನ್ ಒಂದೇ ಸೋಫಾದಲ್ಲಿ ಎಲ್ಲರನ್ನೂ ಕೂರಿಸಿ ನಗಿಸುತ್ತಾರೆ. ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬಂದವರೆಲ್ಲ ಹೊಸ ಸಿನಿಮಾ ಮಾರಲು ಬಂದವರು, ಮೌನಕ್ಕೆ ಜಾಗ ಎಲ್ಲಿ?

25. ಮಂಗಳೂರು_ಪ್ರಭಾ
ಪಾರ್ಕಿನ್‌ಸನ್‌ಗೆ ಜೀವನಪೂರ್ತಿ ಕಾಟ ಕೊಟ್ಟಿದ್ದು ಒಂದು ಬೊಂಬೆ ಹಕ್ಕಿ. 1976ರಲ್ಲಿ ಬೊಂಬೆಯಾಟದ ರಾಡ್ ಹಲ್ ಕೈಯಲ್ಲಿದ್ದ ಎಮು ಅವರ ಮೇಲೆ ಬಿದ್ದು, ಕುರ್ಚಿಯಿಂದ ನೆಲಕ್ಕೆ ಕೆಡವಿ, ಶೂ ಕಿತ್ತಿತು. ಮುಹಮ್ಮದ್ ಅಲಿಯಂಥವರನ್ನು ಮಾತಾಡಿಸಿದ್ದರೂ ಜನ ಕೇಳುವುದು ಆ ಹಕ್ಕಿಯನ್ನೇ ಅಂತ ಅವರಿಗೆ ಕೊನೆವರೆಗೂ ಸಿಟ್ಟು. ಅವತ್ತೇ ಅತಿಥಿಯಾಗಿದ್ದ ಕಾನಲಿ, ಹಕ್ಕಿ ನನ್ನ ಹತ್ತಿರ ಬಂದರೆ ಅದರ ಕತ್ತೂ ಮುರಿಯುತ್ತೇನೆ ನಿನ್ನ ಕೈಯೂ ಮುರಿಯುತ್ತೇನೆ ಅಂದರಂತೆ. ಎಮು ತೆಪ್ಪಗಾಯಿತು.

26. ಚೇತನ್_ಹಾಸನ
ಇದೆಲ್ಲ ಪೂರ್ತಿ ಎಪಿಸೋಡ್ ಎಲ್ಲಿ ಸಿಗುತ್ತೆ?

27. ಶಾರ್ಟ್‌ವೇವ್_ರಾಜಣ್ಣ
ಎಲ್ಲವೂ ಸಿಗುವುದಿಲ್ಲ ಚೇತನ್. ಆಗ ವಿಡಿಯೋ ಟೇಪ್ ದುಬಾರಿ. 60, 70ರ ದಶಕದಲ್ಲಿ ಬಿಬಿಸಿ ಎಷ್ಟೋ ಟೇಪ್‌ಗಳನ್ನು ಅಳಿಸಿ ಮತ್ತೆ ಬಳಸಿತು. ಹಾಸ್ಯ ಜೋಡಿ ಪೀಟರ್ ಕುಕ್, ಡಡ್ಲಿ ಮೂರ್ ಅವರ ಕಾರ್ಯಕ್ರಮವನ್ನೂ ಬಿಡಲಿಲ್ಲ. ಟೇಪಿನ ದುಡ್ಡು ನಾನೇ ಕೊಡುತ್ತೇನೆ, ಉಳಿಸಿ ಅಂತ ಕುಕ್ ಕೇಳಿಕೊಂಡರೂ ಒಪ್ಪಲಿಲ್ಲ. ಕ್ಯೂ5ರ ಕಂತುಗಳೂ ಹಲವು ಕಳೆದುಹೋಗಿವೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಗೂನ್ ಶೋ ರೇಡಿಯೋ ಕಂತುಗಳು ಮಾತ್ರ ಸಾಕಷ್ಟು ಉಳಿದಿವೆ. 1972ರಲ್ಲಿ ಬಿಬಿಸಿಗೆ 50 ತುಂಬಿದಾಗ ಮೂವರೂ ಮತ್ತೆ ಸೇರಿ ಮಾಡಿದ ಕೊನೆಯ ಶೋ ಇದೆ. ಅಲ್ಲಿಂದ ಶುರು ಮಾಡು, ಮೂವರಿಗೂ ಎಷ್ಟು ಖುಷಿ ಅಂತ ದನಿಯಲ್ಲೇ ತಿಳಿಯುತ್ತದೆ.

28. ಪುಣೆ_ಕುಲಕರ್ಣಿ
ಮಿಲಿಗನ್ ಮತ್ತು ಸೀಕೂಂಬ್ ಸ್ನೇಹದ ಕಥೆಯೂ ಇರಲಿ. ಉತ್ತರ ಆಫ್ರಿಕಾದ ಯುದ್ಧರಂಗ. ಬೆಟ್ಟದ ಅಂಚಿನಿಂದ ಒಂದು ದೊಡ್ಡ ಹೌವಿಟ್ಜರ್ ತೋಪು ಜಾರಿ, ಕೆಳಗೆ ಸೀಕೂಂಬ್ ಇದ್ದ ಗಾಡಿಯ ಪಕ್ಕದಲ್ಲೇ ಬಿತ್ತು. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಒಂದು ಮುಖ ಇಣುಕಿ, ಯಾರಾದರೂ ತೋಪು ನೋಡಿದಿರಾ ಅಂತ ಕೇಳಿತು. ಅದೇ ಮಿಲಿಗನ್. ಯಾವ ಬಣ್ಣದ್ದು ಅಂತ ಸೀಕೂಂಬ್ ಕೇಳಿದರಂತೆ.

ಸೀಕೂಂಬ್ 2001ರಲ್ಲಿ ತೀರಿಕೊಂಡಾಗ ಮಿಲಿಗನ್, ಸದ್ಯ ಅವನು ಮೊದಲು ಹೋದ, ನನ್ನ ಅಂತ್ಯಕ್ರಿಯೆಯಲ್ಲಿ ಹಾಡುವುದು ತಪ್ಪಿತು ಅಂದರು. ಮುಂದಿನ ವರ್ಷ ಫೆಬ್ರವರಿಯಲ್ಲಿ ಇವರೂ ಹೋದರು. ಸ್ಮರಣೆ ಸಭೆಯಲ್ಲಿ ಸೀಕೂಂಬ್ ಹಾಡಿದ ರೆಕಾರ್ಡಿಂಗ್ ಹಾಕಿಯೇ ಹಾಕಿದರು!

29. ನಂದಿನಿ_ಲಂಡನ್
ಈ ಕಥೆ ನನಗೂ ಇಷ್ಟ ಕುಲಕರ್ಣಿಯವರೇ. ಕರಿ ಅಂಡ್ ಚಿಪ್ಸ್ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗುವುದಿಲ್ಲ. ರಾಜಣ್ಣ ಸರ್, ಅದರ ಮೊದಲ ಕಂತು ಪೂರ್ತಿ ನೋಡಿ ಬನ್ನಿ, ಆಮೇಲೆ ಮುಂದುವರಿಸೋಣ.

30. ಶಾರ್ಟ್‌ವೇವ್_ರಾಜಣ್ಣ
ಭಾನುವಾರ ನೋಡುತ್ತೇನೆ ಮೇಡಂ. ನೋಡಿ ಇಲ್ಲೇ ಬರೆಯುತ್ತೇನೆ.